ಎರಡು ನಿಮಿಷ ಓಡಿ ನಿಲ್ಲುವ ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್: ಕಾರ್ಬುರೇಟರ್ ಮತ್ತೆ ಬಿಚ್ಚುವ ಮೊದಲು

ಪ್ರಶ್ನೆ: ನನ್ನ ಬಳಿ 1980ರ ದಶಕದ, 15 ಅಶ್ವಶಕ್ತಿಯ, ದೋಣಿಯ ಹಿಂಬದಿಗೆ ಸಿಕ್ಕಿಸುವ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರ್ ಇದೆ. ಮೂರು ವರ್ಷ ಮೂಲೆಯಲ್ಲಿ ನಿಂತಿತ್ತು. ಈಗ ಹತ್ತು ಹದಿನೈದು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ಹೇಗೋ ಓಡುತ್ತಿರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೆ ಎರಡು ನಿಮಿಷದಲ್ಲಿ ಸೊರಗಿ ಬಂದ್ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಎಳೆದರೆ ಮತ್ತೆ ಹೊರಡುತ್ತದೆ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು, ಪ್ಲಗ್ ಹೊಸದು ಹಾಕಿದ್ದಾಯಿತು. ತಂಪು ನೀರು ಹೊರಬರುವ ಹಿಂಬದಿಯ ತೂತಿನಿಂದ ನೀರು ಸಣ್ಣಗೆ ಬರುತ್ತಿದೆ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆ. ಕಾರ್ಬುರೇಟರನ್ನೇ ಹೊಸದು ತರಲೇ? ಇಷ್ಟು ಹಳೆಯದಕ್ಕೆ ದುಡ್ಡು ಹಾಕುವುದು ಸರಿಯೇ?

ಉತ್ತರ: ಕಾರ್ಬುರೇಟರ್ ತರಬೇಡಿ. ಮೂರನೆಯ ಸಲ ಬಿಚ್ಚಲೂ ಬೇಡಿ, ಸದ್ಯಕ್ಕೆ. ನೀವು ಒಂದೇ ದೋಷ ಎಂದುಕೊಂಡಿರುವುದರಲ್ಲಿ ಮೂರು ದೋಷಗಳಿವೆ: ತಂಪು ನೀರು ಸಾಲುತ್ತಿಲ್ಲ, ಗೇರ್‌ಕೇಸಿನೊಳಗೆ (ಪ್ರೊಪೆಲ್ಲರಿನ ಬಳಿಯ ಗೇರ್ ಪೆಟ್ಟಿಗೆಯೊಳಗೆ) ನೀರು ಹೋಗಿದೆ, ಮತ್ತು ಮೋಟಾರ್ ಲೋಡಿನಲ್ಲಿ, ಅಂದರೆ ದೋಣಿಯನ್ನು ತಳ್ಳುವಾಗ, ನಿಲ್ಲುತ್ತಿದೆ. ಮೂರನೆಯದು ಮೊದಲನೆಯದರ ಫಲವೇ ಆಗಿರಬಹುದು, ಆಗದೆಯೂ ಇರಬಹುದು. ಅದನ್ನು ತಿಳಿಯಬೇಕಾದರೆ ಮೋಟಾರನ್ನು ಲೋಡಿನಲ್ಲಿ ಓಡಿಸಿ ನೋಡಬೇಕು. ನೀರು ಸರಿಯಾಗಿ ಬರದ ಮೋಟಾರನ್ನು ಹಾಗೆ ಓಡಿಸುವುದೆಂದರೆ ಪಿಸ್ಟನ್ನನ್ನು ಪಣಕ್ಕಿಟ್ಟಂತೆ. ಆದ್ದರಿಂದ ನೀರು ಮೊದಲು. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಪಿಸ್ಟನ್ ಕಟ್ಟುವ ಒತ್ತಡ. ಅದಾದ ಮೇಲಷ್ಟೇ ಪೆಟ್ರೋಲು, ಕಿಡಿ. ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಕೈಗೆ ಸುಲಭವಾಗಿ ಸಿಗುವುದು ಕಾರ್ಬುರೇಟರ್, ಹಾಗಾಗಿ ಎಲ್ಲ ತಪ್ಪೂ ಅದರ ತಲೆಗೆ ಬರುತ್ತದೆ.

ನೀರು

ಹಿಂದಿನ ತೂತಿನ ಧಾರೆ ತೆಳ್ಳಗಿದೆ ಎಂದಮಾತ್ರಕ್ಕೆ ಪಂಪು ಸತ್ತಿದೆ ಎಂದಲ್ಲ. ಮೊದಲು ಆ ತೂತನ್ನೇ ಶುದ್ಧ ಮಾಡಿ. ಮೂರು ವರ್ಷ ನಿಂತ ಮೋಟಾರಿನಲ್ಲಿ ಕೀಟಗಳು ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತವೆ, ಉಪ್ಪುನೀರಿನಲ್ಲಿ ಓಡಿದ್ದಾದರೆ ಉಪ್ಪು ಗಟ್ಟಿಯಾಗಿರುತ್ತದೆ. ದಪ್ಪ ನೈಲಾನ್ ದಾರವನ್ನು ತೂರಿಸಿ ಆಡಿಸಿ. ತಂತಿ ಬೇಡ, ಒಳಗಿನ ರಬ್ಬರ್ ಕೊಳವೆಯನ್ನು ಚುಚ್ಚೀತು. ಕೆಳಗೆ ಗೇರ್‌ಕೇಸಿನ ಎರಡೂ ಬದಿಯ ನೀರು ಸೇದುವ ಜಾಲರಿಗಳನ್ನೂ ನೋಡಿ. ಇಷ್ಟರಿಂದ ಧಾರೆ ದಪ್ಪವಾದರೂ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ಬದಲಾಯಿಸುವುದನ್ನು ತಪ್ಪಿಸಬೇಡಿ. ಮೂರು ವರ್ಷ ಒಂದೇ ಭಂಗಿಯಲ್ಲಿ ಮಡಚಿಕೊಂಡು ಕುಳಿತ ರಬ್ಬರ್ ರೆಕ್ಕೆಗಳು ಹಾಗೆಯೇ ಸೆಟೆದಿರುತ್ತವೆ. ಐಡಲ್‌ನಲ್ಲಿ ಒಂದಷ್ಟು ನೀರು ತಳ್ಳಿದರೂ ವೇಗ ಹೆಚ್ಚಿದಾಗ ಗೋಡೆಯಿಂದ ಬಿಟ್ಟುಕೊಳ್ಳುತ್ತವೆ.

ಇದಕ್ಕೆ ಗೇರ್‌ಕೇಸನ್ನು ಕಾಲಿನಿಂದ ಇಳಿಸಬೇಕು. ಪ್ಲಗ್ ವೈರುಗಳನ್ನು ತೆಗೆದು ನೆಲಕ್ಕೆ, ಅಂದರೆ ಎಂಜಿನ್ನಿನ ಲೋಹಕ್ಕೆ, ಕಟ್ಟಿ. ಗೇರ್ ಬದಲಿಸುವ ಕಡ್ಡಿಯ ಜೋಡಣೆ ಎಲ್ಲಿದೆ ಎಂದು ಹುಡುಕಿ; ಕೆಲವು ಮೋಟಾರುಗಳಲ್ಲಿ ಅದು ಕಾಲಿನ ಬದಿಯ ಸಣ್ಣ ಕಿಟಕಿಯೊಳಗೆ ಇರುತ್ತದೆ, ಕೆಲವುಗಳಲ್ಲಿ ಮೇಲೆ ಕಾರ್ಬುರೇಟರಿನ ಕೆಳಗೆ. ಅದನ್ನು ಬಿಡಿಸದೆ ಗೇರ್‌ಕೇಸನ್ನು ಎಳೆದರೆ ಕಡ್ಡಿ ಬಾಗುತ್ತದೆ. ಬೋಲ್ಟುಗಳು ಹಿಡಿದುಕೊಂಡಿದ್ದರೆ ಬಲ ಹಾಕಬೇಡಿ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಒಳಗೆ ವರ್ಷಗಟ್ಟಲೆ ಕುಳಿತರೆ ಅವುಗಳ ನಡುವೆ ಬಿಳಿ ಪುಡಿ ಬೆಳೆದು ಬಿಗಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೋಲ್ಟನ್ನಲ್ಲ, ಸುತ್ತಲಿನ ಅಲ್ಯೂಮಿನಿಯಮ್ಮನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ, ಮೊದಲು ಎಳ್ಳಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಿ, ಮತ್ತೆ ಬಿಗಿ, ಮತ್ತೆ ಸಡಿಲ. ಹೀಗೆ ಅರ್ಧ ಗಂಟೆ ಹಿಡಿದರೂ ಲಾಭವೇ. ಮುರಿದ ಬೋಲ್ಟನ್ನು ಡ್ರಿಲ್ ಹಾಕಿ ತೆಗೆಯಲು ಅರ್ಧ ದಿನ ಬೇಕು.

ಪಂಪಿನ ಮುಚ್ಚಳ ತೆಗೆದ ಮೇಲೆ ಬರೀ ರಬ್ಬರನ್ನು ನೋಡಿ ಸುಮ್ಮನಾಗಬೇಡಿ. ಇಂಪೆಲ್ಲರ್ ತಿರುಗುವ ಸ್ಟೀಲ್ ಬಟ್ಟಲು ಮತ್ತು ಅದರ ಕೆಳಗಿನ ತಟ್ಟೆಯ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರುಗಳಿದ್ದರೆ ಹೊಸ ಇಂಪೆಲ್ಲರೂ ಒಂದೆರಡು ತಿಂಗಳಲ್ಲಿ ಸವೆಯುತ್ತದೆ, ಆದ್ದರಿಂದ ಪೂರ್ತಿ ಪಂಪ್ ಕಿಟ್ ಹಾಕುವುದೇ ಸರಿ. ಹಳೆಯ ಇಂಪೆಲ್ಲರಿನ ರೆಕ್ಕೆಗಳನ್ನು ಎಣಿಸಿ. ಒಂದು ತುಂಡು ಕಾಣೆಯಾಗಿದ್ದರೂ ಅದು ಮೇಲಿನ ನೀರಿನ ಕೊಳವೆಯಲ್ಲೋ ಥರ್ಮೋಸ್ಟಾಟಿನ ಬಾಯಿಯಲ್ಲೋ ಕುಳಿತಿದೆ ಎಂದೇ ಅರ್ಥ, ಅದು ಸಿಗುವವರೆಗೆ ಕೆಲಸ ಮುಗಿದಿಲ್ಲ.

ಜೋಡಿಸುವಾಗ ಇಂಪೆಲ್ಲರಿಗೆ ಸಾಬೂನು ನೀರು ಹಚ್ಚಿ, ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದರೆ ಪ್ರದಕ್ಷಿಣವಾಗಿ ತಿರುಗಿಸುತ್ತ ಬಟ್ಟಲನ್ನು ಒತ್ತಿ ಕೂರಿಸಿ. ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಅದಾದ ಮೇಲೆ ಶಾಫ್ಟನ್ನು ಹಿಂದಕ್ಕೆ ತಿರುಗಿಸಬಾರದು. ಶಾಫ್ಟಿನ ಹಲ್ಲುಗಳ ಬದಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ತುದಿಗೆ ಹಚ್ಚಬೇಡಿ. ತುದಿಯ ಗ್ರೀಸ್ ಕ್ರ್ಯಾಂಕ್‌ಶಾಫ್ಟಿನ ಕುಳಿಯೊಳಗೆ ಸಿಕ್ಕಿಬಿದ್ದು, ಗೇರ್‌ಕೇಸ್ ಪೂರ್ತಿ ಕೂರದಂತೆ ತಡೆಯುತ್ತದೆ. ಆ ಸಂದನ್ನು ಬೋಲ್ಟಿನಿಂದ ಬಿಗಿದು ಮುಚ್ಚಲು ಹೋದರೆ ಕ್ರ್ಯಾಂಕ್‌ಶಾಫ್ಟಿನ ಮೇಲೆ ಒತ್ತಡ ಬೀಳುತ್ತದೆ. ನೀರಿನ ತಾಮ್ರದ ಕೊಳವೆ ಪಂಪಿನ ರಬ್ಬರ್ ಬಾಯಿಯೊಳಗೆ ಹೋಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ನೀರು ಬರುತ್ತಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ: ಕೊಳವೆ ಬಾಯಿ ತಪ್ಪಿ ಪಕ್ಕದಲ್ಲಿ ನಿಂತಿರುತ್ತದೆ.

ಥರ್ಮೋಸ್ಟಾಟ್ ಇದ್ದರೆ ತೆಗೆದು ನೀರಿನ ಪಾತ್ರೆಯಲ್ಲಿ ದಾರಕ್ಕೆ ತೂಗಿಬಿಟ್ಟು ಬಿಸಿ ಮಾಡಿ. ಮಾಡೆಲ್ಲಿಗೆ ತಕ್ಕಂತೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು. ಅದನ್ನು ತೆಗೆದೇ ಓಡಿಸುವ ಅಭ್ಯಾಸ ಕೆಲವರಿಗಿದೆ. ಆಗ ಮೋಟಾರ್ ಐಡಲ್‌ನಲ್ಲಿ ತಣ್ಣಗೇ ಇದ್ದು ಪ್ಲಗ್ ಕೊಳೆಯಾಗುತ್ತದೆ, ಮಸಿ ಕಟ್ಟುತ್ತದೆ.

ನೀರಿಲ್ಲದೆ ಒಂದೇ ಒಂದು ಸಲವೂ ಸ್ಟಾರ್ಟ್ ಮಾಡಬೇಡಿ, ಐದು ಸೆಕೆಂಡಿಗೂ ಬೇಡ. ಒಣ ರಬ್ಬರ್ ಸ್ಟೀಲಿಗೆ ಉಜ್ಜಿ ಅಷ್ಟರಲ್ಲೇ ಸುಟ್ಟುಹೋಗಬಹುದು. ಡ್ರಮ್ಮಿನಲ್ಲಿ ಪರೀಕ್ಷಿಸುವುದಾದರೆ ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆ ಮುಳುಗುವಷ್ಟು ನೀರಿರಲಿ, ಪ್ರೊಪೆಲ್ಲರ್ ಕಳಚಿರಿ, ಜಾಗ ತೆರೆದ ಬಯಲಾಗಿರಲಿ. ಸಣ್ಣ ಡ್ರಮ್ಮಿನಲ್ಲಿ, ಗಾಳಿಯಾಡದ ಶೆಡ್ಡಿನಲ್ಲಿ ಮೋಟಾರ್ ತಾನು ಬಿಟ್ಟ ಹೊಗೆಯನ್ನೇ ತಾನು ಸೇದಿ ನಿಂತುಹೋಗುತ್ತದೆ. ಇಲ್ಲದ ದೋಷಕ್ಕೆ ಮೂರು ದಿನ ಹುಡುಕಾಡುವ ಪಾಡು ನಿಮಗೆ ಬೇಡ. ಹೊಗೆ ನಿಮಗೂ ಒಳ್ಳೆಯದಲ್ಲ.

ಕಂಪ್ರೆಷನ್

ಖರ್ಚು ಮಾಡುವುದು ಸರಿಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವುದು ಈ ಒಂದು ಅಳತೆ. ಎರಡೂ ಪ್ಲಗ್ ತೆಗೆಯಿರಿ, ವೈರುಗಳನ್ನು ಲೋಹಕ್ಕೆ ಕಟ್ಟಿ. ತೆರೆದ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುವಾಗ ಪಕ್ಕದಲ್ಲಿ ಕಿಡಿ ಹಾರಬಾರದು. ಥ್ರಾಟಲ್ ಪೂರ್ತಿ ತೆರೆದು, ಕಂಪ್ರೆಷನ್ ಗೇಜನ್ನು ಪ್ಲಗ್ ತೂತಿಗೆ ತಿರುಪಿ ಕೂರಿಸಿ, ಸೂಚಿ ಏರುವುದು ನಿಲ್ಲುವವರೆಗೆ ಜೋರಾಗಿ ಐದಾರು ಸಲ ಹಗ್ಗ ಎಳೆಯಿರಿ. ಎರಡೂ ಸಿಲಿಂಡರಿಗೆ ಎಳೆತ ಒಂದೇ ಸಮ ಇರಲಿ.

ಈ ಗಾತ್ರದ ಮೋಟಾರುಗಳಲ್ಲಿ ಈ ಒತ್ತಡ 90ರಿಂದ 130 ಪಿಎಸ್‌ಐ ಒಳಗೆ ಎಲ್ಲಾದರೂ ಬರುತ್ತದೆ. ಹಗ್ಗ ಸುಲಭವಾಗಿ ಎಳೆಯಲೆಂದು ಕಂಪ್ರೆಷನ್ ಬಿಟ್ಟುಕೊಡುವ ಏರ್ಪಾಡು ಇರುವ ಮೋಟಾರಾದರೆ ಗೇಜು ಇನ್ನೂ ಕಡಿಮೆ ತೋರಿಸುತ್ತದೆ, ಅದು ದೋಷವಲ್ಲ. ನನ್ನ ಮಟ್ಟಿಗೆ ಸಂಖ್ಯೆಗಿಂತ ಎರಡು ಸಿಲಿಂಡರುಗಳ ನಡುವಿನ ಅಂತರವೇ ಮುಖ್ಯ. 105 ಮತ್ತು 108 ಬಂದರೆ ನಿಶ್ಚಿಂತೆ. 120 ಮತ್ತು 85 ಬಂದರೆ ನಿಲ್ಲಿ. ಅಂತರ ನೂರಕ್ಕೆ ಹದಿನೈದಕ್ಕಿಂತ ಹೆಚ್ಚಿದ್ದರೆ ಕಾರಣ ಹುಡುಕದೆ ಮುಂದೆ ಹೋಗಬಾರದು.

ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಟೂ-ಸ್ಟ್ರೋಕ್ ಎಣ್ಣೆ ಬಿಟ್ಟು, ನಾಲ್ಕು ಸಲ ಎಳೆದು, ಮತ್ತೆ ಅಳೆಯಿರಿ. ಚೆನ್ನಾಗಿ ಏರಿದರೆ ರಿಂಗ್ ಕಡೆ ಸೋರಿಕೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಪಿಸ್ಟನ್ ತಲೆಯೋ. ಎರಡೂ ಸಿಲಿಂಡರು ಒಟ್ಟಿಗೇ, ಒಂದೇ ಸಮ ಕಡಿಮೆಯಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆಯೇ ಎಂದು ಅನುಮಾನಿಸಿ. ರಿಂಗ್ ಎಂದಾದರೂ ಎದೆಗುಂದಬೇಡಿ: ನಿಂತುಬಿಟ್ಟ ಮೋಟಾರಿನಲ್ಲಿ ರಿಂಗ್ ಸವೆದದ್ದಕ್ಕಿಂತ ಮಸಿಯಲ್ಲಿ ಅಂಟಿಕೊಂಡದ್ದೇ ಹೆಚ್ಚು. ಮಸಿ ಕರಗಿಸುವ ದ್ರವವನ್ನು ಪ್ಲಗ್ ತೂತಿನಿಂದ ಬಿಟ್ಟು ಒಂದು ರಾತ್ರಿ ನೆನೆಸಿ. ಮರುದಿನ ಪ್ಲಗ್ ಹಾಕುವ ಮೊದಲೇ ಹಗ್ಗ ಎಳೆದು ದ್ರವವನ್ನೆಲ್ಲ ಹೊರಹಾಕಿ, ಏಕೆಂದರೆ ದ್ರವ ತುಂಬಿದ ಸಿಲಿಂಡರನ್ನು ಪ್ಲಗ್ ಮುಚ್ಚಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಎರಡು ಮೂರು ಸಲ ಹೀಗೆ ಮಾಡಿದರೆ ಎಷ್ಟೋ ಮೋಟಾರುಗಳಲ್ಲಿ 20 ಪಿಎಸ್‌ಐವರೆಗೆ ಮರಳಿ ಬರುತ್ತದೆ.

ಪಿಸ್ಟನ್ ಗೀರಿದೆಯೇ ಎಂದು ನೋಡಲು ಇಡೀ ಎಂಜಿನ್ ಬಿಚ್ಚಬೇಕಿಲ್ಲ. ಎಗ್ಸಾಸ್ಟ್ ಬದಿಯ ಮುಚ್ಚಳ ತೆಗೆದರೆ ಕಿಂಡಿಯಲ್ಲಿ ಪಿಸ್ಟನ್ ಮತ್ತು ರಿಂಗುಗಳು ಕಾಣುತ್ತವೆ. ಎಂಜಿನ್ನಿನ ಮೇಲ್ತುದಿಯ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ಪ್ರದಕ್ಷಿಣವಾಗಿ ತಿರುಗಿಸುತ್ತ ಹೋಗಿ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರು, ಬದಿಗೆ ಬಳಿದುಕೊಂಡ ಅಲ್ಯೂಮಿನಿಯಂ ಕಂಡರೆ ಅದು ಬಿಸಿಗೆ ಒಮ್ಮೆ ಹಿಡಿದುಕೊಂಡಿದ್ದ ಮೋಟಾರ್. ರಿಂಗನ್ನು ಮರದ ಕಡ್ಡಿಯಿಂದ ಒತ್ತಿದರೆ ಒಳಗೆ ಹೋಗಿ ಹೊರಗೆ ಚಿಮ್ಮಬೇಕು.

ನಿಂತ ಮೇಲಿನ ಎರಡು ನಿಮಿಷ

ನೀರು ಸರಿಹೋಯಿತು, ಕಂಪ್ರೆಷನ್ ಸರಿಯಿದೆ ಎಂದಾದರೆ ಈಗ ದೋಣಿಗೆ ಹಾಕಿ, ಜೊತೆಗೆ ಇನ್ನೊಬ್ಬರನ್ನೂ ಹುಟ್ಟನ್ನೂ ಇಟ್ಟುಕೊಂಡು ದಡದ ಹತ್ತಿರವೇ ಓಡಿಸಿ. ಬಿಸಿಯಾದಾಗ ಬರುವ ದೋಷ ತಣ್ಣಗಿರುವಾಗ ಕೈಗೆ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಎರಡು ಸಲ ಕಾರ್ಬುರೇಟರ್ ತೊಳೆದೂ ನಿಮಗೆ ಏನೂ ಸಿಗದಿದ್ದುದಕ್ಕೆ ಕಾರಣ ಇದೇ ಇರಬೇಕು. ನಿಮ್ಮ ಮೋಟಾರ್ ನಿಂತ ಮೇಲಿನ ಎರಡು ನಿಮಿಷದಲ್ಲಿ ನೋಡಿದ್ದು ಒಂದು ದಿನದ ರಿಪೇರಿಗಿಂತ ಹೆಚ್ಚು ಹೇಳುತ್ತದೆ.

ಮೊದಲು, ನಿಲ್ಲುವ ಬಗೆಯನ್ನೇ ಕಿವಿಗೊಟ್ಟು ಕೇಳಿ. ಪೆಟ್ರೋಲ್ ಸಾಲದೆ ನಿಲ್ಲುವ ಟೂ-ಸ್ಟ್ರೋಕ್ ಎಷ್ಟೋ ಸಲ ನಿಲ್ಲುವ ಮುನ್ನ ಒಂದು ಕ್ಷಣ ವೇಗ ಏರಿಸುತ್ತದೆ, ಆಮೇಲೆ ತೇಕುತ್ತ ಇಳಿಯುತ್ತದೆ. ಕಿಡಿ ಹೋದದ್ದಾದರೆ ಸ್ವಿಚ್ ಒತ್ತಿದಂತೆ ತಟ್ಟನೆ ನಿಲ್ಲುತ್ತದೆ, ಅಥವಾ ಒಂದು ಸಿಲಿಂಡರ್ ಬಿಟ್ಟು ಧ್ವನಿ ಅರ್ಧವಾಗುತ್ತದೆ. ಪಿಸ್ಟನ್ ಬಿಸಿಗೆ ಹಿಡಿಯುತ್ತಿದ್ದರೆ ಯಾರೋ ಬ್ರೇಕ್ ಒತ್ತಿದಂತೆ ಎಳೆದು ಎಳೆದು ನಿಲ್ಲುತ್ತದೆ.

ನಿಂತ ಕೂಡಲೇ ಹಗ್ಗವನ್ನು ಮೆಲ್ಲಗೆ ಎಳೆದು ನೋಡಿ. ಎಂದಿಗಿಂತ ಗಟ್ಟಿಯಾಗಿದ್ದರೆ ಅಲ್ಲಿಗೆ ಬಿಡಿ, ಹುಟ್ಟು ಹಾಕಿಕೊಂಡು ದಡ ಸೇರಿ. ಅದು ಹಿಡಿದುಕೊಳ್ಳುತ್ತಿರುವ ಮೋಟಾರ್, ಇನ್ನೊಂದು ಪ್ರಯತ್ನ ಅದರ ಕೊನೆಯ ಪ್ರಯತ್ನವಾಗಬಹುದು. ಹಗ್ಗ ಹಗುರವಾಗಿದ್ದರೆ ಪ್ರೈಮರ್ ಬಲ್ಬನ್ನು, ಅಂದರೆ ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಹಿಚುಕುವ ರಬ್ಬರ್ ಉಂಡೆಯನ್ನು, ಮುಟ್ಟಿ. ಚಪ್ಪಟೆಯಾಗಿ ಒಳಗೆ ಸೆಳೆದುಕೊಂಡಿದ್ದರೆ ಟ್ಯಾಂಕಿನ ಕಡೆ ದಾರಿ ಕಟ್ಟಿದೆ. ಮೆತ್ತಗಿದ್ದು, ಹಿಚುಕಿದಾಗ ಪೆಟ್ರೋಲು ಹೋಗುವುದು ಕೈಗೆ ಗೊತ್ತಾಗಿ, ಆಮೇಲೆ ಮೋಟಾರ್ ಹೊರಟರೆ ಎಲ್ಲೋ ಗಾಳಿ ಸೇದುತ್ತಿದೆ ಇಲ್ಲವೇ ಪಂಪು ಸೋತಿದೆ. ಗಟ್ಟಿಯಾಗೇ ಇದ್ದರೆ ಪೆಟ್ರೋಲು ಬಲ್ಬಿನವರೆಗೆ ಬಂದಿದೆ, ದೋಷ ಅದರ ಮುಂದಿನದು. ಕೊನೆಯದಾಗಿ ಸ್ಪಾರ್ಕ್ ಟೆಸ್ಟರನ್ನು ವೈರಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಲೋಹಕ್ಕೆ ಕಚ್ಚಿಸಿ, ಬಿಸಿಯಿರುವಾಗಲೇ ಕಿಡಿ ನೋಡಿ. ಟೆಸ್ಟರನ್ನು ದಡದಲ್ಲೇ ಮರೆತು ಬರಬೇಡಿ.

ಮುಂದಿನ ಸುತ್ತಿನಲ್ಲಿ ಇನ್ನೆರಡು ಪರೀಕ್ಷೆ. ಮೋಟಾರ್ ಸೊರಗತೊಡಗಿದ ಕೂಡಲೇ ಜೊತೆಗಿದ್ದವರು ಬಲ್ಬ್ ಹಿಚುಕಲಿ. ವೇಗ ಮರಳಿ ಬಂದರೆ ಪೂರೈಕೆಯ ದೋಷ ಖಚಿತ. ಬರದಿದ್ದರೆ ಚೋಕನ್ನು ಕಾಲುಭಾಗ ಎಳೆಯಿರಿ. ಆಗ ಎದ್ದರೆ ಜೆಟ್‌ಗಳ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಹಿತ್ತಾಳೆ ತುಂಡುಗಳು) ದಾರಿಯಲ್ಲಿ ಪೆಟ್ರೋಲ್ ಕಡಿಮೆ, ಆಗ ಮಾತ್ರ ಕಾರ್ಬುರೇಟರಿನತ್ತ ನೋಡಿ. ಎರಡಕ್ಕೂ ಜಗ್ಗದಿದ್ದರೆ ಕಿಡಿಯ ಬಗ್ಗೆ ಯೋಚಿಸಬೇಕು.

ನೀವು ಬರೆದ ಲಕ್ಷಣ, ಅಂದರೆ ಐಡಲ್ ಸರಿ, ಪೂರ್ತಿ ಥ್ರಾಟಲ್‌ನಲ್ಲಿ ಎರಡು ನಿಮಿಷ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ, ಇದನ್ನು ಓದಿದರೆ ನನಗೆ ಮೊದಲು ಕಣ್ಣಿಗೆ ಬರುವುದು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು. ಅದು ಮುಚ್ಚಿದ್ದರೆ ಪೆಟ್ರೋಲ್ ಹೊರಹೋದಂತೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತದೆ, ಪಂಪು ಎಳೆಯಲಾರದೆ ಸೋಲುತ್ತದೆ. ಹತ್ತು ನಿಮಿಷದಲ್ಲಿ ಗಾಳಿ ನಿಧಾನವಾಗಿ ಒಳನುಸುಳಿ ಎಲ್ಲ ಸರಿಹೋದಂತೆ ತೋರುತ್ತದೆ. ತಿರುಪು ತೆರೆದಿದ್ದರೂ ಒಳಗಿನ ಸಣ್ಣ ರಂಧ್ರ ಕಟ್ಟಿರಬಹುದು. ಮುಚ್ಚಳವನ್ನೇ ಸಡಿಲಿಸಿ ಓಡಿಸಿ ನೋಡಿ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಪೆಟ್ರೋಲ್ ಬರುವ ದಾರಿ

ಮುಚ್ಚಳದಿಂದ ಪರಿಹಾರ ಆಗದಿದ್ದರೆ ಟ್ಯಾಂಕಿನೊಳಗಿನ ಹೀರುಕೊಳವೆಯ ಜಾಲರಿ, ಪೈಪು, ಬಲ್ಬು, ಎರಡು ತುದಿಯ ಕನೆಕ್ಟರಿನ ಓ-ರಿಂಗ್, ಫಿಲ್ಟರ್ ಇವನ್ನು ಇದೇ ಕ್ರಮದಲ್ಲಿ ನೋಡುತ್ತ ಬನ್ನಿ. ಹಳೆಯ ಪೈಪು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಸುಲಿದು, ಎಳೆತ ಹೆಚ್ಚಿದಾಗ ಕವಾಟದಂತೆ ಮುಚ್ಚಿಕೊಳ್ಳುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಇದನ್ನು ಬೇಗ ಮಾಡುತ್ತದೆ. ಇಂಥ ಪೈಪನ್ನು ರಿಪೇರಿ ಮಾಡಲು ಹೋಗಬೇಡಿ, ಬಲ್ಬಿನ ಸಮೇತ ಹೊಸದು ಹಾಕಿ. ಗಾಳಿ ಸೇದುತ್ತಿದೆಯೇ ಎಂದು ತಿಳಿಯಲು ಪಂಪಿನ ಮುಂಚೆ ಒಂದಡಿ ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಮೂರು ವರ್ಷದ ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿ ಒಂದು ತೊಟ್ಟೂ ಉಳಿಯಬಾರದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದ್ದು ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಹೀರುಕೊಳವೆಯ ಬಾಯಿ ಇರುವುದೂ ತಳದಲ್ಲೇ. ಗಾಜಿನ ಬಾಟಲಿಗೆ ಸ್ವಲ್ಪ ಸುರಿದು ಹತ್ತು ನಿಮಿಷ ಇಟ್ಟರೆ ಎರಡು ಪದರ ಕಾಣುತ್ತದೆ.

ಫ್ಯುಯೆಲ್ ಪಂಪಿಗೆ ಮೋಟಾರಿಲ್ಲ, ಬೆಲ್ಟಿಲ್ಲ. ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿನ (ಪಿಸ್ಟನ್ನಿನ ಹಿಂಬದಿಯ ಕೋಣೆ) ಒತ್ತಡದ ಏರಿಳಿತಕ್ಕೆ ಡಯಾಫ್ರಾಮ್ ಎಂಬ ಒಂದು ತೆಳು ಪೊರೆ ಮಿಡಿಯುತ್ತದೆ, ಅಷ್ಟೇ. ಡಯಾಫ್ರಾಮ್ ಬಿಗಿಯಾಗಿ ಒಣಗಿದರೆ ವೇಗದಲ್ಲಿ ಪೆಟ್ರೋಲ್ ಸಾಲದು. ಅದರಲ್ಲಿ ಸಣ್ಣ ತೂತಾದರೆ ಪೆಟ್ರೋಲ್ ನೇರ ಕ್ರ್ಯಾಂಕ್‌ಕೇಸಿಗೆ ಹೋಗಿ ಒಂದೇ ಪ್ಲಗ್ ಸದಾ ಒದ್ದೆಯಾಗಿರುತ್ತದೆ. ಇನ್ನೊಂದು ಸೂಕ್ಷ್ಮ: ಪಂಪು ಮಿಡಿಯುವ ಸಿಲಿಂಡರಿನ ಕ್ರ್ಯಾಂಕ್‌ಕೇಸ್ ಸೀಲು ಸೋರುತ್ತಿದ್ದರೆ ಹೊಸ ಪಂಪು ಹಾಕಿದರೂ ಕಸುವು ಬರುವುದಿಲ್ಲ.

ಪೆಟ್ರೋಲ್ ಸಾಲದಿರುವುದನ್ನು ಟೂ-ಸ್ಟ್ರೋಕ್‌ನಲ್ಲಿ ಇಷ್ಟು ಗಂಭೀರವಾಗಿ ಹೇಳಲು ಕಾರಣವಿದೆ. ಇದರ ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ. ಜೆಟ್ ಅರ್ಧ ಕಟ್ಟಿದರೆ ಶಕ್ತಿ ಕಡಿಮೆಯಾಗುವುದಷ್ಟೇ ಅಲ್ಲ, ಬೇರಿಂಗಿಗೂ ಪಿಸ್ಟನ್ನಿಗೂ ಎಣ್ಣೆ ಅರ್ಧವಾಗುತ್ತದೆ, ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ. ಕಟ್ಟಿದ ಜೆಟ್ಟಿನಲ್ಲಿ ಹೇಗೋ ಸಂಭಾಳಿಸಿಕೊಂಡು ಓಡಿಸಿದ್ದರಿಂದ ಸುಟ್ಟ ಪಿಸ್ಟನ್ನುಗಳು ಲೆಕ್ಕವಿಲ್ಲ.

ಎಣ್ಣೆಯ ಪ್ರಮಾಣ ನಿಮ್ಮ ಮೋಟಾರಿನ ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ, 25 ಲೀಟರ್ ಟ್ಯಾಂಕಿಗೆ 500 ಮಿಲಿ. 1980ರ ದಶಕದ ಕೆಲವು ಮಾಡೆಲ್ಲುಗಳಿಗೆ 100:1 ಹೇಳಿದ್ದಿದೆ; ಅಂಥದ್ದಕ್ಕೂ ನಾನು 50:1 ಹಾಕಲು ಹೇಳುತ್ತೇನೆ, ಒಂದಿಷ್ಟು ಹೆಚ್ಚು ಹೊಗೆ ಬಂದರೂ ಪರವಾಗಿಲ್ಲ. ಎಣ್ಣೆಯ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂಬ ಗುರುತಿರಲಿ. ಬೈಕಿನ ಟೂ-ಸ್ಟ್ರೋಕ್ ಎಣ್ಣೆ ಗಾಳಿಯಿಂದ ತಂಪಾಗುವ, ಹೆಚ್ಚು ಬಿಸಿಯಾಗುವ ಎಂಜಿನ್ನಿಗೆ ಮಾಡಿದ್ದು; ಅದರಲ್ಲಿ ಬೂದಿ ಬಿಡುವ ಅಂಶಗಳಿರುತ್ತವೆ, ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಅದು ಪಿಸ್ಟನ್ ತಲೆಯ ಮೇಲೆ ಕಟ್ಟಿಕೊಳ್ಳುತ್ತದೆ.

ಕಾರ್ಬುರೇಟರ್, ಅದೂ ಪರೀಕ್ಷೆ ಹೇಳಿದರೆ ಮಾತ್ರ

ಚೋಕ್ ಎಳೆದಾಗ ಎದ್ದರೆ ತೊಳೆದದ್ದು ಸಾಲದು ಎಂದಾಯಿತು. ಹೊರಮೈ ಹೊಳೆಯುವಂತೆ ತೊಳೆಯುವುದು ಬೇರೆ, ದಾರಿಗಳನ್ನು ತೆರೆಯುವುದು ಬೇರೆ. ಮೇನ್ ಜೆಟ್, ಐಡಲ್ ಜೆಟ್, ಫ್ಲೋಟ್ ಸೂಜಿ, ಮಿಶ್ರಣದ ತಿರುಪು ಎಲ್ಲ ಕಳಚಿ, ಕ್ಲೀನರ್ ಸ್ಪ್ರೇಯನ್ನು ಒಂದು ರಂಧ್ರದಿಂದ ಬಿಟ್ಟು ಅದು ಎಲ್ಲಿಂದ ಹೊರಬರಬೇಕೋ ಅಲ್ಲಿಂದಲೇ ಬರುತ್ತಿದೆಯೇ ಎಂದು ನೋಡಬೇಕು. ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಎರಡು ಮೂರು ರಂಧ್ರಗಳಿರುತ್ತವೆ, ಐಡಲ್‌ನಿಂದ ಮೇಲೇರುವಾಗ ಮುಗ್ಗರಿಸುವುದಕ್ಕೆ ಇವು ಕಾರಣ. ಜೆಟ್ಟಿಗೆ ಉಕ್ಕಿನ ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ರಂಧ್ರ ಒಂದು ಎಳೆ ದೊಡ್ಡದಾದರೂ ಅಳತೆ ಕೆಟ್ಟಿತು. ನೈಲಾನ್ ಬ್ರಷ್ಷಿನ ಒಂದು ಎಳೆ ಸಾಕು. ಫ್ಲೋಟ್ ಮಟ್ಟ ಕೈಪಿಡಿಯ ಅಳತೆಗೆ ಇರಲಿ. ಹಲವು ಕಾರ್ಬುರೇಟರುಗಳಲ್ಲಿ ತಲೆಕೆಳಗು ಹಿಡಿದಾಗ ಫ್ಲೋಟು ದೇಹದ ಅಂಚಿಗೆ ಸಮಾನಾಂತರವಾಗಿ ನಿಲ್ಲಬೇಕು.

ಮಿಶ್ರಣದ ತಿರುಪನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ಕೂರಿಸಿ ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ ಆರಂಭಿಸಿ. ಉಳಿದದ್ದನ್ನು ಮೋಟಾರ್ ಬಿಸಿಯಾದ ಮೇಲೆ, ದೋಣಿ ಕಟ್ಟಿಹಾಕಿ, ಗೇರಿನಲ್ಲಿಟ್ಟು ಮಾಡಬೇಕು. ಎಂಟನೇ ಒಂದು ಸುತ್ತು ಒಳಕ್ಕೆ, ಹದಿನೈದು ಸೆಕೆಂಡ್ ಕಾಯುವುದು, ಮತ್ತೆ ಎಂಟನೇ ಒಂದು. ತೆಳುವಾದಾಗ ಸೀನಿದಂತೆ ಕಾರ್ಬುರೇಟರಿನಿಂದ ಉಗಿಯುತ್ತದೆ, ದಟ್ಟವಾದಾಗ ಕುಂಟುತ್ತ ಗುಡುಗುಡಿಸುತ್ತದೆ. ನಡುವಿನ ನಯವಾದ ಜಾಗ ಹುಡುಕಿ, ಅಲ್ಲಿಂದ ಎಂಟನೇ ಒಂದು ಸುತ್ತು ದಟ್ಟ ಕಡೆಗೆ ಬಿಡಿ.

ಎಷ್ಟು ತಿರುಗಿಸಿದರೂ ಐಡಲ್ ಹದಕ್ಕೆ ಬರದೆ, ಕಾರ್ಬುರೇಟರಿನ ಬಾಯಿಯಿಂದ ಪೆಟ್ರೋಲ್ ಮಂಜಿನಂತೆ ಹೊರಗೆ ಚಿಮ್ಮುತ್ತಿದ್ದರೆ ಅದರ ಹಿಂಬದಿಯ ರೀಡ್ ವಾಲ್ವಿನ, ಅಂದರೆ ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ಕವಾಟದ, ತಗಡು ಸೀಳಿದೆ ಅಥವಾ ಬಾಯ್ದೆರೆದಿದೆ. ಅದು ಕಾರ್ಬುರೇಟರಿನ ತಪ್ಪಲ್ಲ.

ಕಿಡಿ

ಪ್ಲಗ್ಗನ್ನು ಸಿಲಿಂಡರ್ ಹೆಡ್ಡಿನ ಲೋಹಕ್ಕೆ ಒತ್ತಿ ಹಿಡಿದು ಕಿಡಿ ಇದೆ ಎಂದು ತೀರ್ಮಾನಿಸುವುದು ಮೋಸ. ಸಿಲಿಂಡರಿನೊಳಗಿನ ಒತ್ತಡದಲ್ಲಿ ಕಿಡಿ ಹಾರಲು ಬೇಕಾದ ಬಲವೇ ಬೇರೆ. ಸಿಡಿಐ (ಎಲೆಕ್ಟ್ರಾನಿಕ್) ಇಗ್ನಿಷನ್ ಆದರೆ ಟೆಸ್ಟರಿನಲ್ಲಿ ಸುಮಾರು 11 ಮಿಮೀ ಅಂತರವನ್ನು, ಹಳೆಯ ಬಗೆಯ ಪಾಯಿಂಟ್ ಇಗ್ನಿಷನ್ ಆದರೆ ಸುಮಾರು 6 ಮಿಮೀ ಅಂತರವನ್ನು ನೀಲಿ ಕಿಡಿ ಚಟ್ ಎಂದು ದಾಟಬೇಕು. ಕೆಂಪು ಹಳದಿ ಬಣ್ಣದ ಸೋಮಾರಿ ಕಿಡಿ ಲೋಡಿನಲ್ಲಿ ಸಾಯುತ್ತದೆ.

ಬಿಸಿಯಲ್ಲಿ ಕಿಡಿ ಹೋಗುತ್ತಿದ್ದರೆ ಮೊದಲು ಸ್ಟಾಪ್ ಸ್ವಿಚ್ಚಿನ ವೈರನ್ನು ಕಳಚಿ ನೋಡಿ. ಉಪ್ಪು ಹಿಡಿದ ಸ್ವಿಚ್ ಕಿಡಿಯನ್ನು ನೆಲಕ್ಕೆ ಹರಿಸುತ್ತಿರಬಹುದು. ವೈರು ಕಳಚಿದಾಗ ಬಟನ್ ಕೆಲಸ ಮಾಡುವುದಿಲ್ಲ, ಕೈಗೋ ಕಾಲಿಗೋ ಕಟ್ಟಿಕೊಳ್ಳುವ ಸುರಕ್ಷತೆಯ ಹಗ್ಗವೂ ಅದೇ ವೈರಿನದ್ದಾದರೆ ಅದೂ ಇಲ್ಲ. ಆದ್ದರಿಂದ ಇದನ್ನು ಡ್ರಮ್ಮಿನಲ್ಲಿ ಮಾತ್ರ ಮಾಡಿ, ಚೋಕ್ ಎಳೆದು ನಿಲ್ಲಿಸಿ. ಆಮೇಲೆ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲು. ಹಳೆಯ ಕಾಯಿಲಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಅಳೆಯುತ್ತ ಕೂರದೆ ಬದಲಾಯಿಸಿ.

ಫ್ಲೈವೀಲ್ ತೆಗೆಯಬೇಕಾದರೆ ಮಧ್ಯದ ಮೂರು ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಚಕ್ರ ಬಾಗುತ್ತದೆ, ಸುತ್ತಿಗೆಯ ಹೊಡೆತಕ್ಕೆ ಒಳಗಿನ ಅಯಸ್ಕಾಂತ ಸಡಿಲುತ್ತದೆ. ಒಳಗಿನ ಅರ್ಧಚಂದ್ರಾಕಾರದ ಕೀಲಿಯನ್ನು ನೋಡಿ. ಅದು ಅರ್ಧ ಕತ್ತರಿಸಿದ್ದರೂ ಟೈಮಿಂಗ್ ಜರುಗಿ, ಕಿಡಿ ಚೆನ್ನಾಗಿದ್ದರೂ ಮೋಟಾರ್ ಒದೆಯುತ್ತದೆ. ಮತ್ತೆ ಕೂರಿಸುವಾಗ ಶಂಕುವಿನಾಕಾರದ ಭಾಗದಲ್ಲಿ ಎಣ್ಣೆಯ ಪಸೆಯೂ ಇರಬಾರದು, ನಟ್ಟನ್ನು ಕೈಪಿಡಿಯ ಟಾರ್ಕಿಗೆ ಬಿಗಿಯಬೇಕು. ಕೀಲಿಯನ್ನು ಕತ್ತರಿಸುವುದು ಹೆಚ್ಚಾಗಿ ಸಡಿಲ ನಟ್ಟೇ.

ಬೆಳ್ಳಗಾದ ಗೇರ್ ಎಣ್ಣೆ

ಗೇರ್‌ಕೇಸ್ ಹೇಗೂ ಇಳಿಸಿರುತ್ತೀರಿ, ಇದನ್ನೂ ಆಗಲೇ ಮುಗಿಸಿ. ಮೊದಲ ಅನುಮಾನ ಎಣ್ಣೆಯ ಎರಡು ತಿರುಪುಗಳ ಕೆಳಗಿನ ವಾಷರ್ ಮೇಲೆ; ಹಳೆಯ ಚಪ್ಪಟೆ ವಾಷರನ್ನೇ ಮತ್ತೆ ಮತ್ತೆ ಹಾಕಿದ್ದರೆ ನೀರು ಅಲ್ಲಿಂದಲೇ. ಎರಡನೆಯದು ಪ್ರೊಪೆಲ್ಲರ್ ಶಾಫ್ಟಿನ ಸೀಲು. ಪ್ರೊಪೆಲ್ಲರ್ ಕಳಚಿ ನೋಡಿ, ಅದರ ಹಿಂದೆ ಮೀನು ಹಿಡಿಯುವ ನೈಲಾನ್ ದಾರ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ದಿರುವುದು ಬಹಳ ಸಾಮಾನ್ಯ. ಆಮೇಲೆ ಡ್ರೈವ್ ಶಾಫ್ಟ್ ಮತ್ತು ಗೇರ್ ಕಡ್ಡಿಯ ಸೀಲುಗಳು.

ಒಂದು ಎಚ್ಚರಿಕೆ. ಕೆಲವು ಹಳೆಯ ಮೋಟಾರುಗಳಲ್ಲಿ ಎಣ್ಣೆಯ ತಿರುಪಿನ ಪಕ್ಕದಲ್ಲೇ ನಕ್ಷತ್ರ ತಲೆಯ ಇನ್ನೊಂದು ತಿರುಪು ಇರುತ್ತದೆ. ಅದು ಎಣ್ಣೆಯದ್ದಲ್ಲ, ಒಳಗಿನ ಗೇರ್ ಬದಲಿಸುವ ಕೈಯನ್ನು ಹಿಡಿದಿರುವ ಪಿನ್ನು. ಅದನ್ನು ಬಿಚ್ಚಿದರೆ ಕೈ ಒಳಗೆ ಕಳಚಿ, ಪೂರ್ತಿ ಗೇರ್‌ಕೇಸ್ ಬಿಚ್ಚುವ ಕೆಲಸ ಮೈಮೇಲೆ ಬರುತ್ತದೆ. ಎಣ್ಣೆಯ ತಿರುಪುಗಳು ಅಗಲ ಚಪ್ಪಟೆ ಸೀಳಿನವು.

ಯಾವ ಸೀಲು ಎಂದು ತಿಳಿಯಲು ಎಣ್ಣೆ ಖಾಲಿ ಮಾಡಿ, ಮೇಲಿನ ತೂತಿಗೆ ಕೈಪಂಪಿನಿಂದ 10 ಪಿಎಸ್‌ಐ ಗಾಳಿ ತುಂಬಿ, ಗೇರ್‌ಕೇಸನ್ನು ನೀರಿನಲ್ಲಿ ಮುಳುಗಿಸಿ ಶಾಫ್ಟುಗಳನ್ನು ಕೈಯಿಂದ ತಿರುಗಿಸಿ. ಗುಳ್ಳೆ ಬಂದಲ್ಲಿ ಸೀಲು ಹೋಗಿದೆ. ಐದು ನಿಮಿಷ ಒತ್ತಡ ಇಳಿಯದೆ ಉಳಿದರೆ ಬರೀ ವಾಷರುಗಳು ಸಾಕು. ಕೆಳಗಿನ ತಿರುಪಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಪ ಅಂಟಿರುವುದು ಸಹಜ. ಚಕ್ಕೆ, ಸೂಜಿಯಂಥ ಚೂರು ಇದ್ದರೆ ಗೇರು ಅಥವಾ ಬೇರಿಂಗು ಸವೆದಿದೆ.

ಎಣ್ಣೆ ತುಂಬುವುದು ಕೆಳಗಿನ ತೂತಿನಿಂದ, ಮೇಲಿನದರಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮೊದಲು ಮೇಲಿನ ತಿರುಪು ಹಾಕಿ, ಆಮೇಲೆ ಕೆಳಗಿನದು. ಈ ಗಾತ್ರಕ್ಕೆ ಸುಮಾರು 250 ಮಿಲಿ ಹಿಡಿಯುತ್ತದೆ, ಔಟ್‌ಬೋರ್ಡಿನ 90 ಗ್ರೇಡಿನ ಗೇರ್ ಎಣ್ಣೆಯೇ ಬೇಕು.

ದುಡ್ಡು ಹಾಕುವ ಮಾತು

ಎರಡೂ ಸಿಲಿಂಡರು ಸಮನಾಗಿ 90ರ ಮೇಲಿದ್ದು, ಪಿಸ್ಟನ್ ಬದಿ ನುಣ್ಣಗಿದ್ದು, ಗೇರ್ ಎಣ್ಣೆಯಲ್ಲಿ ಚೂರಿಲ್ಲದಿದ್ದರೆ ಕಣ್ಣುಮುಚ್ಚಿ ರಿಪೇರಿ ಮಾಡಿ. ಬೇಕಾಗುವುದು ಪಂಪ್ ಕಿಟ್, ಪೈಪು-ಬಲ್ಬು, ಫ್ಯುಯೆಲ್ ಪಂಪಿನ ಡಯಾಫ್ರಾಮ್, ಸೀಲುಗಳು, ವಾಷರುಗಳು. ಇವ್ಯಾವುವೂ ಹೊಸ ಕಾರ್ಬುರೇಟರಿನಷ್ಟು ದುಬಾರಿಯಲ್ಲ. ಒಂದು ಸಿಲಿಂಡರ್ ಗೀರಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು, ಆದರೆ ಆ ಮಾಡೆಲ್ಲಿಗೆ ಪಿಸ್ಟನ್ ಸಿಗುತ್ತದೆಯೇ ಎಂದು ಮೊದಲು ಖಚಿತ ಮಾಡಿಕೊಂಡು ಆಮೇಲೆ ಬೋರಿಗೆ ಕೊಡಿ. ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಹೋಗಿ, ಗೇರಿನಲ್ಲೂ ಚೂರು ಕಂಡರೆ ನಾನಾದರೆ ಅದನ್ನು ಬಿಡಿಭಾಗಕ್ಕೆಂದು ಇಟ್ಟುಕೊಂಡು ಬೇರೆ ಮೋಟಾರ್ ನೋಡುತ್ತೇನೆ.

ಎಲ್ಲ ಮುಗಿದ ಮೇಲೆ ಲೋಡಿನಲ್ಲಿ ಪೂರ್ತಿ ಥ್ರಾಟಲ್ ಐದು ನಿಮಿಷ ಓಡಿಸಿ, ಐಡಲ್‌ಗೆ ಇಳಿಸದೆ ಅಲ್ಲಿಂದಲೇ ಬಂದ್ ಮಾಡಿ, ಪ್ಲಗ್ ತೆಗೆದು ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಕಪ್ಪಾಗಿ ಒದ್ದೆಯಿದ್ದರೆ ಮಿಶ್ರಣ ದಟ್ಟ ಅಥವಾ ಆ ಸಿಲಿಂಡರಿನ ಕಿಡಿ ಸಾಲದು. ಸುಣ್ಣದಂತೆ ಬೆಳ್ಳಗಿದ್ದು ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಸಣ್ಣ ಚುಕ್ಕೆಗಳಿದ್ದರೆ ಅವು ಕರಗಿದ ಪಿಸ್ಟನ್ನಿನ ಕಣಗಳು; ಆ ದಿನ ಮತ್ತೆ ಹಗ್ಗ ಎಳೆಯಬೇಡಿ, ನೀರು ಮತ್ತು ಪೆಟ್ರೋಲ್ ಎರಡೂ ದಾರಿಗಳನ್ನು ಮೊದಲಿನಿಂದ ನೋಡಿ.